ಕೀಮೋಥೆರಪಿ ಮತ್ತು ನಮ್ಮ ಕರುಳು: ವಾಕರಿಕೆ ಏಕೆ, ಉಪಾಯವೇನು?



ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡುವ ಕ್ರಮ, ತೆಂಗಿನ ಬುಡ ಬಿಡಿಸುವ ಕ್ರಮ ಮುಂತಾದ ವಿಷಯಗಳನ್ನು ಈ ಅಂಕಣದಲ್ಲಿ ನಾವು ಬರೆಯುತ್ತಾ ಬಂದಿದ್ದೇವೆ. ಈ ಸಲ ತೋಟ ಬಿಟ್ಟು ಮನೆಯೊಳಗೆ ಬರೋಣ. ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗಾಗಿ ಮಂಗಳೂರಿಗೋ ತಲಶ್ಶೇರಿಗೋ ಹೋಗಿಬರುವವರು ಈಗ ಅಪರೂಪವಲ್ಲ. ಮನೆ ಭೇಟಿಗೆ ಹೋದಾಗ ನಮಗೆ ಹೆಚ್ಚಾಗಿ ಕೇಳಿಬರುವುದು ರೋಗದ ನೋವಿನ ಮಾತಲ್ಲ, ಮದ್ದಿನ ನಂತರದ ವಾಕರಿಕೆಯ ಮಾತು.

ಕೆಲವು ವರ್ಷಗಳ ಹಿಂದೆ ಒಬ್ಬ ಕೃಷಿಕರು ಎರಡನೆಯ ಕೀಮೋ ಮುಗಿಸಿ ಬಂದು, "ಫಾದರ್, ರೋಗಕ್ಕಿಂತ ಮೊದಲು ಈ ಮದ್ದೇ ನನ್ನನ್ನು ಮುಗಿಸ್ತದೆ ಅಂತ ಕಾಣ್ತದೆ. ಇನ್ನು ನಾನು ಹೋಗುವುದಿಲ್ಲ" ಅಂದರು. "ಸ್ವಲ್ಪ ಸಹಿಸಿಕೊಳ್ಳಿ" ಎಂದಷ್ಟೇ ಹೇಳಿ ನಾವು ಹಿಂದಿರುಗಿದೆವು. ಅವರು ಮತ್ತೆ ಆಸ್ಪತ್ರೆಗೆ ಹೋಗಲಿಲ್ಲ. ಮರುವರ್ಷ ಅವರ ಅಂತ್ಯಕ್ರಿಯೆಯನ್ನು ನಾವೇ ನಡೆಸಿದೆವು. ಚಿಕಿತ್ಸೆ ಪೂರ್ಣಗೊಳಿಸಿದ್ದರೆ ಬದುಕುತ್ತಿದ್ದರೋ ಎಂದು ಯಾರೂ ಹೇಳಲಾರರು. ಆದರೆ ಅವರು ಚಿಕಿತ್ಸೆ ನಿಲ್ಲಿಸಿದ್ದು ವಾಂತಿಯ ಕಾರಣದಿಂದ, ಆ ವಾಂತಿಗೆ ಮದ್ದು ಇತ್ತು, ಅದನ್ನು ನಾವು ಅವರಿಗೆ ಹೇಳಲಿಲ್ಲ. ನಮಗೇ ಗೊತ್ತಿರಲಿಲ್ಲ. ಈ ಪಾಠವನ್ನು ಬರೆಯಲು ಅದೇ ಕಾರಣ.

ಎಳೆಯ ಚಿಗುರನ್ನು ಹುಡುಕುವ ಮದ್ದು

ಕೀಮೋ ಮದ್ದಿಗೆ ಕ್ಯಾನ್ಸರ್ ಯಾವುದು, ನಮ್ಮ ಸ್ವಂತ ಮೈ ಯಾವುದು ಎಂಬ ಗುರುತು ಸರಿಯಾಗಿ ಇಲ್ಲ. ಹಳೆಯ ಕೀಮೋ ಮದ್ದುಗಳಲ್ಲಿ ಹೆಚ್ಚಿನವು ಗುರುತಿಸುವುದು ಒಂದನ್ನೇ: ಒಂದು ಎರಡಾಗಿ, ಎರಡು ನಾಲ್ಕಾಗಿ ಬೇಗಬೇಗ ಒಡೆದು ಬೆಳೆಯುತ್ತಿರುವ ಜೀವಕೋಶವನ್ನು. ಬೇಲಿ ಹಾರಿ ತೋಟಕ್ಕೆ ನುಗ್ಗಿದ ಆಡು ಏನು ಮಾಡುತ್ತದೆ? ಬಲಿತ ಮರವನ್ನು ಬಿಟ್ಟು ಎಳೆಯ ಚಿಗುರನ್ನು ಹುಡುಕಿ ತಿನ್ನುತ್ತದೆ. ಅದು ಕಳೆಯ ಚಿಗುರೋ ಒಳ್ಳೆ ಮೆಣಸಿನ ಬಳ್ಳಿಯ ಚಿಗುರೋ ಎಂದು ನೋಡುವುದಿಲ್ಲ. ಈ ಮದ್ದಿನ ಕೆಲಸವೂ ಹಾಗೆಯೇ. ಕ್ಯಾನ್ಸರ್ ಕೋಶಗಳು ಎಡೆಬಿಡದೆ ಒಡೆಯುವುದರಿಂದ ಅವು ಸಾಯುತ್ತವೆ. ಜೊತೆಗೆ ನಮ್ಮ ದೇಹದಲ್ಲಿ ಸಹಜವಾಗಿಯೇ ವೇಗವಾಗಿ ಬೆಳೆಯುವ ಮೂರು ಜಾಗಗಳಿಗೂ ಪೆಟ್ಟು ಬೀಳುತ್ತದೆ: ಕೂದಲಿನ ಬುಡ, ರಕ್ತ ತಯಾರಾಗುವ ಮೂಳೆಯ ಮಜ್ಜೆ, ಮತ್ತು ಬಾಯಿಯಿಂದ ಗುದದ್ವಾರದವರೆಗಿನ ಅನ್ನಮಾರ್ಗದ ಒಳಪೊರೆ.

ಈ ಚಿಕಿತ್ಸೆಯ ಚರಿತ್ರೆ ಬಹಳ ಹಳೆಯದಲ್ಲ. ಯುದ್ಧದ ವಿಷಾನಿಲದಿಂದ ಹುಟ್ಟಿದ ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕವನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ರೋಗಿಯೊಬ್ಬರಿಗೆ ಮೊದಲ ಬಾರಿ ಕೊಡಲಾಯಿತು. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ಪ್ಲಾಟಿನಂ ಲೋಹದ ಲವಣವು ಬ್ಯಾಕ್ಟೀರಿಯಾಗಳು ಒಡೆಯುವುದನ್ನು ತಡೆಯುತ್ತದೆ ಎಂದು ತೋರಿಸಿದರು. ಅದರಿಂದ ಬಂದ ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಇಂದಿಗೂ ಅನೇಕ ಕ್ಯಾನ್ಸರ್‌ಗಳಿಗೆ ಅದೇ ಮುಖ್ಯ ಮದ್ದು. ವಾಂತಿ ತರುವುದರಲ್ಲಿಯೂ ಅದೇ ಮುಂದು. ತಡೆಮದ್ದು ಕೊಡದಿದ್ದರೆ ಸಿಸ್‌ಪ್ಲಾಟಿನ್ ಪಡೆದ ನೂರು ಜನರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ವಾಂತಿಯಾಗುತ್ತದೆ.

ಕರುಳಿನೊಳಗಿನ ನೇಜಿಮಡಿ

ನಮ್ಮ ಸಣ್ಣ ಕರುಳಿನ ಒಳಭಾಗ ನುಣುಪಾದ ಕೊಳವೆಯಂತೆ ಇಲ್ಲ. ಮಿಲಿಮೀಟರಿನಷ್ಟು ಎತ್ತರವೂ ಇಲ್ಲದ ಬೆರಳಿನಾಕಾರದ ಕುಚ್ಚುಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ, ಗದ್ದೆಯಲ್ಲಿ ಪೈರು ನಿಂತ ಹಾಗೆ. ನಾವು ಉಂಡ ಅನ್ನದ ಸಾರವನ್ನು ರಕ್ತಕ್ಕೆ ಎಳೆದುಕೊಳ್ಳುವುದು ಈ ಕುಚ್ಚುಗಳೇ. ಕರುಳಿನ ಒಳಮೈಯನ್ನು ಹರಡಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂದು ಹಿಂದಿನ ಪಠ್ಯಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಲೆಕ್ಕ ಮಾಡಿ, ಅನ್ನಮಾರ್ಗವೆಲ್ಲ ಸೇರಿ ಸುಮಾರು 32 ಚದರ ಮೀಟರ್ ಎಂದು ತೋರಿಸಿದರು. ಅದು ಕೂಡ ಸಣ್ಣ ಜಾಗವಲ್ಲ.

ಈ ಕುಚ್ಚುಗಳ ಮೇಲಿನ ಜೀವಕೋಶಗಳ ಆಯುಷ್ಯ ಮೂರರಿಂದ ಐದು ದಿನ ಮಾತ್ರ. ಸವೆದವು ಉದುರುತ್ತವೆ, ಹೊಸವು ಅವುಗಳ ಜಾಗಕ್ಕೆ ಬರುತ್ತವೆ. ಈ ಹೊಸ ಕೋಶಗಳು ಎಲ್ಲಿಂದ ಬರುತ್ತವೆ? ಕುಚ್ಚುಗಳ ಬುಡದಲ್ಲಿ ಸಣ್ಣ ಗುಳಿಗಳಿವೆ. ಅಲ್ಲಿನ ಮೂಲಕೋಶಗಳು ಹಗಲಿರುಳು ಒಡೆದು ಹೊಸ ಕೋಶಗಳನ್ನು ಮೇಲಕ್ಕೆ ಕಳುಹಿಸುತ್ತವೆ. ಅದನ್ನು ಕರುಳಿನ ನೇಜಿಮಡಿ ಎಂದು ತಿಳಿಯಿರಿ.

ಕೀಮೋ ಮದ್ದು ಬೀಳುವುದು ಈ ನೇಜಿಮಡಿಯ ಮೇಲೆಯೇ. ಗದ್ದೆಯಲ್ಲಿ ನಿಂತ ಪೈರಿಗೆ ಅಂದೇ ಏನೂ ಆಗಿಲ್ಲವೆಂದು ಕಾಣುತ್ತದೆ. ಆದರೆ ಮುಂದಿನ ನಾಟಿಗೆ ನೇಜಿ ಇಲ್ಲ. ಮೇಲಿನವು ಉದುರುತ್ತಾ ಹೋದಂತೆ ಕುಚ್ಚುಗಳು ಗಿಡ್ಡವಾಗುತ್ತವೆ, ಒಳಪೊರೆ ತೆಳ್ಳಗಾಗುತ್ತದೆ, ಕೆಲವು ಕಡೆ ಹುಣ್ಣಾಗುತ್ತದೆ. ಆದ್ದರಿಂದಲೇ ಬಾಯಿಹುಣ್ಣು, ಭೇದಿ ಮುಂತಾದವು ಮದ್ದು ಕೊಟ್ಟ ದಿನವೇ ಬಾರದೆ ನಾಲ್ಕೈದು ದಿನಗಳ ನಂತರ ಆರಂಭವಾಗಿ, ಎರಡನೆಯ ವಾರದಲ್ಲಿ ಜೋರಾಗಿ, ಎರಡು ಮೂರು ವಾರಗಳಲ್ಲಿ ವಾಸಿಯಾಗುತ್ತವೆ. ಬದುಕುಳಿದ ಮೂಲಕೋಶಗಳು ಮತ್ತೆ ನೇಜಿ ಎಬ್ಬಿಸುತ್ತವೆ. ಅನೇಕ ಕೀಮೋಗಳನ್ನು ಮೂರು ವಾರಕ್ಕೊಮ್ಮೆ ಕೊಡುವುದರ ಒಂದು ಮುಖ್ಯ ಕಾರಣ ಇದು: ಕರುಳೂ ಮಜ್ಜೆಯೂ ಚೇತರಿಸಿಕೊಳ್ಳಲು ಸಮಯ ಬೇಕು.

ಮದ್ದು ಕೈಯ ನರಕ್ಕೆ, ಹೊಟ್ಟೆ ತೊಳಸುವುದೇಕೆ?

ಇದು ನಮ್ಮ ಜನ ಕೇಳುವ ನ್ಯಾಯವಾದ ಪ್ರಶ್ನೆ. ಮೇಲೆ ಹೇಳಿದ ಹುಣ್ಣು, ಭೇದಿ ತಡವಾಗಿ ಬರುತ್ತವೆ. ವಾಂತಿಯಾದರೋ ಅನೇಕರಿಗೆ ಅದೇ ದಿನ, ಕೆಲವೇ ಗಂಟೆಗಳಲ್ಲಿ ಬರುತ್ತದೆ. ಅದರ ದಾರಿ ಬೇರೆ.

ಕರುಳಿನ ಒಳಪೊರೆಯಲ್ಲಿ ಅಲ್ಲಲ್ಲಿ ಕಾವಲುಗಾರ ಕೋಶಗಳಿವೆ. ಅವುಗಳೊಳಗೆ ಸಿರೊಟೋನಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ 1930ರ ದಶಕದಲ್ಲಿ ಇದನ್ನು ಕರುಳಲ್ಲಿ ಕಂಡುಹಿಡಿದು ಬೇರೆ ಹೆಸರಿಟ್ಟಿದ್ದರು. 1948ರಲ್ಲಿ ಅಮೆರಿಕದ ಮಾರಿಸ್ ರ್ಯಾಪೋರ್ಟ್ ಮತ್ತು ಸಂಗಡಿಗರು ರಕ್ತದಿಂದ ಅದನ್ನೇ ಬೇರ್ಪಡಿಸಿದರು. ಎರಡೂ ಒಂದೇ ಎಂದು ತಿಳಿದದ್ದು 1952ರಲ್ಲಿ. ಸಿರೊಟೋನಿನ್ ಮೆದುಳಿನ ವಸ್ತು ಎಂದು ಅನೇಕರ ಎಣಿಕೆ. ಆದರೆ ದೇಹದ ಸಿರೊಟೋನಿನ್‌ನಲ್ಲಿ ಶೇಕಡ 90ರಷ್ಟು ಇರುವುದು ಕರುಳಲ್ಲಿ.

ರಕ್ತದ ಮೂಲಕ ಬಂದ ಕೀಮೋ ಮದ್ದು ತಗುಲಿದಾಗ ಈ ಕಾವಲುಗಾರ ಕೋಶಗಳು ತಮ್ಮ ಸಿರೊಟೋನಿನ್ ಅನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಪಕ್ಕದಲ್ಲಿಯೇ ವೇಗಸ್ ಎಂಬ ನರದ ತುದಿಗಳಿವೆ. ಸಿರೊಟೋನಿನ್ ಅಲ್ಲಿ ಕೂತೊಡನೆ ಆ ನರ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ: "ಹೊಟ್ಟೆಗೆ ವಿಷ ಬಿದ್ದಿದೆ, ಹೊರಹಾಕು." ಮೆದುಳಿನ ಬುಡದಲ್ಲಿ ರಕ್ತವನ್ನೇ ನೇರವಾಗಿ ಪರೀಕ್ಷಿಸುವ ಇನ್ನೊಂದು ಜಾಗವೂ ಇದ್ದು, ಅದು ಕೂಡ ಎಚ್ಚರಗೊಳ್ಳುತ್ತದೆ. ಆಗ ಬಾಯಲ್ಲಿ ನೀರೂರಿ, ಹೊಟ್ಟೆಯ ಸ್ನಾಯುಗಳು ಹಿಂಡಿ ವಾಂತಿಯಾಗುತ್ತದೆ.

ಕೆಟ್ಟ ಅಣಬೆ ತಿಂದಾಗ ನಮ್ಮ ಜೀವ ಉಳಿಸುವುದು ಇದೇ ಏರ್ಪಾಡು. ಅಂಗಳದ ನಾಯಿ ಕಳ್ಳ ಬಂದರೂ ಬೊಗಳುತ್ತದೆ, ಮದ್ದು ಕೊಡಲು ವೈದ್ಯರು ಬಂದರೂ ಬೊಗಳುತ್ತದೆ. ಅದು ನಾಯಿಯ ತಪ್ಪಲ್ಲ. ಕೀಮೋ ಮದ್ದನ್ನು ಕರುಳು ವಿಷವೆಂದು ತಿಳಿದು ಬೊಗಳುತ್ತದೆ, ಅಷ್ಟೆ. ಆದರೆ ಮದ್ದು ರಕ್ತದಲ್ಲಿರುವುದರಿಂದ ಎಷ್ಟು ವಾಂತಿ ಮಾಡಿದರೂ ಅದು ಹೊರಗೆ ಬರುವುದಿಲ್ಲ. "ವಾಂತಿಯಾದರೆ ಮದ್ದು ಹಿಡಿಯಿತು" ಎಂಬುದು ತಪ್ಪು. "ವಾಂತಿಯಾಗದಿದ್ದರೆ ಮದ್ದು ಕೆಲಸ ಮಾಡಲಿಲ್ಲ" ಎಂಬುದೂ ತಪ್ಪು.

ವಾಕರಿಕೆ ಮೂರು ತರ

ಮೊದಲನೆಯದು ಕೂಡಲೇ ಬರುವ ವಾಕರಿಕೆ. ಮದ್ದು ಕೊಟ್ಟ 24 ಗಂಟೆಗಳೊಳಗೆ ಬರುವ ಇದರ ಮುಖ್ಯ ಕಾರಣ ಸಿರೊಟೋನಿನ್.

ಎರಡನೆಯದು ತಡವಾಗಿ ಬರುವ ವಾಕರಿಕೆ. ಒಂದು ದಿನ ಕಳೆದ ಮೇಲೆ ಆರಂಭವಾಗಿ ಐದು ದಿನಗಳವರೆಗೂ ಇರಬಹುದು. ಸಿಸ್‌ಪ್ಲಾಟಿನ್ ಪಡೆದವರಿಗೆ ಎರಡನೆಯ ಮೂರನೆಯ ದಿನ ಹೆಚ್ಚು. ಇದರಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಬೇರೊಂದು ರಾಸಾಯನಿಕದ ಪಾತ್ರ ದೊಡ್ಡದು. ಆಸ್ಪತ್ರೆಯಲ್ಲಿ ಸುಖವಾಗಿದ್ದು ಮನೆಗೆ ಬಂದ ಮೇಲೆ ನರಳುವವರು ಇಂಥವರೇ.

ಮೂರನೆಯದು ನೆನಪಿನಿಂದ ಬರುವ ವಾಕರಿಕೆ. ಮೊದಲ ಸಲ ಬಹಳ ವಾಂತಿಯಾದವರಿಗೆ ಮುಂದಿನ ಸಲ ಆಸ್ಪತ್ರೆಯ ವಾಸನೆ ಬಡಿದೊಡನೆ, ಕೆಲವರಿಗೆ ಬಸ್ಸು ಹತ್ತುವಾಗಲೇ, ಹೊಟ್ಟೆ ತೊಳಸುತ್ತದೆ. ಇದು ನಾಟಕವಲ್ಲ, ಧೈರ್ಯದ ಕೊರತೆಯೂ ಅಲ್ಲ. ದೇಹ ಕಲಿತ ಪಾಠ. ಇದಕ್ಕೆ ಉತ್ತಮ ಮದ್ದೆಂದರೆ ಮೊದಲ ಸಲವೇ ವಾಂತಿಯಾಗದಂತೆ ನೋಡಿಕೊಳ್ಳುವುದು.

ಎಲ್ಲ ಕೀಮೋ ಮದ್ದುಗಳೂ ಒಂದೇ ರೀತಿಯವಲ್ಲ ಎಂಬುದನ್ನೂ ತಿಳಿದಿರಬೇಕು. ವಿನ್‌ಕ್ರಿಸ್ಟಿನ್ ಎಂಬ ಮದ್ದು ವಾಂತಿ ತರುವುದು ಕಡಿಮೆ, ಆದರೆ ಮಲಬದ್ಧತೆ ತರುತ್ತದೆ. 5-ಫ್ಲೋರೋಯುರಾಸಿಲ್ ಬಾಯಿಹುಣ್ಣು ಮತ್ತು ಭೇದಿಗೆ ಹೆಸರಾದದ್ದು. ಆದ್ದರಿಂದ ನೆರೆಮನೆಯವರಿಗೆ ಆದದ್ದೇ ನಮಗೂ ಆಗಬೇಕೆಂದಿಲ್ಲ.

ತಡೆಯುವ ಮದ್ದುಗಳು

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯಲ್ಲಿ ಪರೀಕ್ಷೆ ನಡೆಸಿದರು. ವೇಗಸ್ ನರದಲ್ಲಿ ಸಿರೊಟೋನಿನ್ ಕೂರುವ ಜಾಗವನ್ನು ಮುಚ್ಚಿದರೆ ಸಿಸ್‌ಪ್ಲಾಟಿನ್ ಕೊಟ್ಟರೂ ವಾಂತಿಯಾಗುವುದಿಲ್ಲ ಎಂದು 1986ರಲ್ಲಿ ಪ್ರಕಟವಾಯಿತು. ಬೀಗದ ತೂತಿಗೆ ಮೇಣ ತುಂಬಿದರೆ ಕೀಲಿ ಒಳಗೆ ಹೋಗದಷ್ಟೆ. ಇದರಿಂದ ಬಂದ ಒಂಡಾನ್ಸೆಟ್ರಾನ್‌ಗೆ 1991ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿತು. ಸಬ್‌ಸ್ಟೆನ್ಸ್ ಪಿ ಕೂರುವ ಜಾಗವನ್ನು ಮುಚ್ಚುವ ಅಪ್ರೆಪಿಟೆಂಟ್ 2003ರಲ್ಲಿ ಬಂತು. ಇವುಗಳೊಡನೆ ಡೆಕ್ಸಾಮೆಥಾಸೋನ್, ಇತ್ತೀಚೆಗೆ ಓಲಾಂಜಪಿನ್ ಎಂಬ ಮಾತ್ರೆಯನ್ನೂ ಸೇರಿಸುತ್ತಾರೆ. ಜೋರಾಗಿ ವಾಂತಿ ತರುವ ಕೀಮೋಗಳಿಗೆ ಮೂರು ನಾಲ್ಕು ತಡೆಮದ್ದುಗಳನ್ನು ಒಟ್ಟಿಗೆ ಕೊಡುವುದು ಈಗಿನ ಕ್ರಮ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆ ಕೃಷಿಕರು ತೀರಿಹೋದ ಎರಡು ವರ್ಷಗಳ ನಂತರ ನಮ್ಮ ಒಬ್ಬ ತಾಯಿ ಅದೇ ಮಾತು ಹೇಳಿದರು. ಈ ಸಲ ನಾವು ಅವರ ಮಗನೊಡನೆ ಆಸ್ಪತ್ರೆಗೇ ಹೋದೆವು. "ಬಾಯಮ್ಮ, ಮನೆಯಲ್ಲಿ ಎಷ್ಟು ಸಲ ವಾಂತಿಯಾಯಿತು?" ಎಂದು ವೈದ್ಯರು ಕೇಳಿದರೆ ಆ ತಾಯಿ, "ಪರವಾಗಿಲ್ಲ ಡಾಕ್ಟ್ರೇ" ಅಂದರು. ಮೂರು ದಿನ ಗಂಜಿಯ ತಿಳಿಯೂ ನಿಲ್ಲದೆ ಒದ್ದಾಡಿದವರು! ಮಗ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ. ಅರ್ಧಕ್ಕರ್ಧ ಹಾಗೆಯೇ ಉಳಿದಿತ್ತು. "ವಾಂತಿ ಬಂದರೆ ಮಾತ್ರ ತಿನ್ನುವುದು ಅಂತ ಎಣಿಸಿದೆ, ಸುಮ್ಮನೆ ಯಾಕೆ ಖರ್ಚು ಮಾಡುವುದು" ಎಂದು ಆಕೆ ಹೇಳಿದರು. ವೈದ್ಯರು ಗದರಿಸಲಿಲ್ಲ. ಮಾತ್ರೆಯ ಗಂಟೆಗಳನ್ನು ಒಂದು ಕಾಗದದಲ್ಲಿ ಬರೆದು, ಇನ್ನೊಂದು ಮಾತ್ರೆ ಸೇರಿಸಿ ಕೊಟ್ಟರು. ಮುಂದಿನ ಸಲ ವಾಕರಿಕೆ ಪೂರಾ ಹೋಗಲಿಲ್ಲ. ಆದರೆ ಎರಡನೆಯ ದಿನವೇ ಗಂಜಿ ಕುಡಿದರು. ಆರು ಕೀಮೋಗಳನ್ನೂ ಮುಗಿಸಿದರು.

ನಮ್ಮ ಜನ ಸಹಿಸುವುದರಲ್ಲಿ ಗಟ್ಟಿಗರು. ಕಷ್ಟವನ್ನು ದೇವರಿಗೆ ಒಪ್ಪಿಸುವುದು ಒಳ್ಳೆಯದೇ. ಆದರೆ ಪರಿಹಾರವಿರುವ ಕಷ್ಟವನ್ನು ವೈದ್ಯರಿಂದ ಬಚ್ಚಿಡುವುದು ತ್ಯಾಗವಲ್ಲ. ಇದನ್ನು ಕಲಿಯಲು ನಮಗೆ ತಡವಾಯಿತು.

ಮನೆಯವರು ಮಾಡಬೇಕಾದದ್ದು

1. ತಡೆಮಾತ್ರೆಯನ್ನು ವಾಂತಿ ಬರುವ ಮೊದಲೇ, ಬರೆದುಕೊಟ್ಟ ಗಂಟೆಗೆ, ಬರೆದುಕೊಟ್ಟಷ್ಟು ದಿನ ಕೊಡಬೇಕು. ವಾಕರಿಕೆ ಇಲ್ಲವೆಂದು ನಿಲ್ಲಿಸಬಾರದು. ಒಂಡಾನ್ಸೆಟ್ರಾನ್‌ನಿಂದ ಮಲಬದ್ಧತೆ, ತಲೆನೋವು ಬರುವುದುಂಟು. ಹೊಟ್ಟೆ ಕಟ್ಟಿದರೂ ವಾಕರಿಕೆ ಹೆಚ್ಚುತ್ತದೆ, ಅದನ್ನೂ ವೈದ್ಯರಿಗೆ ತಿಳಿಸಿ.

2. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ಬಿಸಿಯ ಆಹಾರದ ಪರಿಮಳ ಜಾಸ್ತಿ, ಆದ್ದರಿಂದ ಆರಿದ್ದನ್ನು ಕೊಡಿ. ಕುಚ್ಚಲಕ್ಕಿ ಗಂಜಿ ಉಪ್ಪು ಹಾಕಿ, ಇಡ್ಲಿ, ಮೆತ್ತಗಿನ ಅನ್ನ, ಚೆನ್ನಾಗಿ ಬೆಂದ ಮೊಟ್ಟೆ ಒಳ್ಳೆಯದು. ಒಗ್ಗರಣೆ, ಒಣಮೀನು ಸುಡುವುದು ಮುಂತಾದವನ್ನು ರೋಗಿಯ ಕೋಣೆಗೆ ವಾಸನೆ ತಾಗದ ಹೊತ್ತಿನಲ್ಲಿ ಮಾಡಿ. ಕೀಮೋ ದಿನ ರೋಗಿಗೆ ಇಷ್ಟವಾದ ತಿಂಡಿಯನ್ನು ಒತ್ತಾಯ ಮಾಡಿ ತಿನ್ನಿಸಬೇಡಿ. ಆ ದಿನ ವಾಂತಿಯಾದರೆ ಆ ತಿಂಡಿಯ ಮೇಲೆಯೇ ಶಾಶ್ವತ ಹೇಸಿಗೆ ಹುಟ್ಟಬಹುದು.

3. ಭೇದಿಯಾದರೆ ನೀರು ಮತ್ತು ಉಪ್ಪು ದೇಹದಿಂದ ಹೋಗುತ್ತದೆ. ಓ.ಆರ್.ಎಸ್. ಪೊಟ್ಟಣ ಉತ್ತಮ. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕುಚ್ಚುಗಳು ಸವೆದಿರುವಾಗ ಹಾಲಿನ ಸಕ್ಕರೆ ಜೀರ್ಣವಾಗುವುದು ಕಷ್ಟ, ಭೇದಿ ನಿಲ್ಲುವ ತನಕ ಹಾಲನ್ನೂ ಎಣ್ಣೆಯ ಪದಾರ್ಥಗಳನ್ನೂ ಬಿಡುವುದು ಲೇಸು. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ.

4. ಬಾಯಿಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಸೇರಿಸಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಹಲ್ಲುಜ್ಜಲು ಮೆದು ಬ್ರಷ್. ಎಲೆ ಅಡಿಕೆ ಹಾಕುವುದನ್ನು ಪೂರಾ ಬಿಡಬೇಕು. ಅಡಿಕೆ ಬೆಳೆದು ಬದುಕುವ ನಮಗೆ ಈ ಮಾತು ಕಹಿ. ಆದರೆ ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಜಗಿಯುವುದೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ.

5. ಶುಂಠಿಯನ್ನು ಅಡುಗೆಯಲ್ಲಿ ಹಾಕುವಷ್ಟು ಕೊಟ್ಟರೆ ಬಾಧಕವಿಲ್ಲ. ಆದರೆ ಕಷಾಯ, ಲೇಹ್ಯ, ನಾಟಿಮದ್ದುಗಳನ್ನು ಕೀಮೋ ವೈದ್ಯರಿಗೆ ಹೇಳದೆ ಕೊಡಬೇಡಿ. ಕೆಲವು ಗಿಡಮೂಲಿಕೆಗಳು ಕೀಮೋ ಮದ್ದಿನ ಬಲವನ್ನು ಏರುಪೇರು ಮಾಡುತ್ತವೆ.

6. ಕೀಮೋ ನಂತರದ ಎರಡನೆಯ ವಾರ ಬಿಳಿ ರಕ್ತಕಣಗಳು ಇಳಿದಿರುತ್ತವೆ. ಕರುಳಿನ ಬೇಲಿಯೂ ತೆಳ್ಳಗಾಗಿರುತ್ತದೆ. ಬೇಲಿಯೂ ಇಲ್ಲ, ಕಾವಲುಗಾರನೂ ಇಲ್ಲ ಎಂದಾಗ ಕರುಳಲ್ಲಿರುವ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ನುಗ್ಗಬಹುದು. ಈ ಸಮಯದಲ್ಲಿ ರೋಗಿ ಹಟ್ಟಿ ಗುಡಿಸುವುದು, ಗೊಬ್ಬರದ ಗುಂಡಿಗೆ ಇಳಿಯುವುದು, ಬೂಸು ಹಿಡಿದ ಬೈಹುಲ್ಲು ಕೊಡವುವುದು, ಬರಿಗಾಲಲ್ಲಿ ತೋಟಕ್ಕೆ ಹೋಗುವುದು, ಗಿಡಗಳಿಗೆ ಮದ್ದು ಬಿಡುವುದು ಬೇಡ. ಹಸಿ ತರಕಾರಿ ತಿನ್ನುವುದಾದರೆ ಚೆನ್ನಾಗಿ ತೊಳೆದಿರಬೇಕು. ನೀರು ಕುದಿಸಿದ್ದಿರಲಿ.

7. ಕೀಮೋ ನಂತರದ 48 ಗಂಟೆ ರೋಗಿಯ ವಾಂತಿ, ಮಲ, ಮೂತ್ರಗಳಲ್ಲಿ ಮದ್ದಿನ ಅಂಶವಿರುತ್ತದೆ. ಶುಚಿ ಮಾಡುವವರು ಕೈಗವಸು ಹಾಕಿ, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಗರ್ಭಿಣಿಯರಿಗೆ ಈ ಕೆಲಸ ಕೊಡಬೇಡಿ. ಹಾಗೆಂದು ರೋಗಿಯನ್ನು ಮುಟ್ಟಬಾರದೆಂದಲ್ಲ. ಪಕ್ಕದಲ್ಲಿ ಕುಳಿತುಕೊಳ್ಳಿ, ಕೈ ಹಿಡಿಯಿರಿ. ಕ್ಯಾನ್ಸರ್ ಅಂಟುರೋಗವಲ್ಲ.

ತಡಮಾಡದೆ ಆಸ್ಪತ್ರೆಗೆ

ಈ ಲಕ್ಷಣಗಳು ಕಂಡರೆ ರಾತ್ರಿಯಾದರೂ ಸರಿ, ಮಳೆಯಾದರೂ ಸರಿ, ಆಸ್ಪತ್ರೆಗೆ ಫೋನು ಮಾಡಿ ಹೊರಡಿ: ಜ್ವರ 100.4 ಡಿಗ್ರಿ ಅಥವಾ ಹೆಚ್ಚು; ಒಂದು ದಿನವಿಡೀ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು; ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ; ಸಾಮಾನ್ಯಕ್ಕಿಂತ ನಾಲ್ಕಕ್ಕೂ ಹೆಚ್ಚು ಸಲ ಭೇದಿ; ಮೂತ್ರ ಕಡಿಮೆಯಾಗಿ ತಲೆ ತಿರುಗುವುದು. ಜ್ವರಕ್ಕೆ ಮನೆಯಲ್ಲೇ ಮಾತ್ರೆ ಕೊಟ್ಟು ಬೆಳಗಿನ ತನಕ ಕಾಯಬಾರದು. ಬಿಳಿ ಕಣಗಳು ಇಳಿದಿರುವಾಗ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ ಬರಬಹುದು. ಮನೆಯಲ್ಲಿ ಒಂದು ಥರ್ಮಾಮೀಟರ್, ಗೋಡೆಯ ಮೇಲೆ ದೊಡ್ಡದಾಗಿ ಬರೆದ ಆಸ್ಪತ್ರೆಯ ಫೋನ್ ನಂಬರು ಇರಲಿ. ಜೊತೆಗೆ ಒಂದು ನೋಟುಪುಸ್ತಕ: ಯಾವ ದಿನ ಎಷ್ಟು ವಾಂತಿ, ಎಷ್ಟು ಭೇದಿ, ಏನು ಉಂಡರು ಎಂದು ಬರೆದಿಡಿ. ಸೊಸೈಟಿಗೆ ಹಾಲು ಕೊಟ್ಟ ಲೆಕ್ಕ ಬರೆಯುವ ನಮಗೆ ಇದೇನೂ ಹೊಸತಲ್ಲ. "ಪರವಾಗಿಲ್ಲ ಡಾಕ್ಟ್ರೇ" ಎಂದು ರೋಗಿ ಹೇಳಿದರೂ ಪುಸ್ತಕ ನಿಜ ಹೇಳುತ್ತದೆ.

ವಾಳೆಯ ಕೂಟದಲ್ಲಿ ಚರ್ಚಿಸಲು

1. ಬಾಯಿಹುಣ್ಣು, ಭೇದಿ ಕೀಮೋ ಆದ ದಿನವೇ ಬಾರದೆ ಕೆಲವು ದಿನಗಳ ನಂತರ ಬರುವುದೇಕೆ?
2. ತಡೆಮಾತ್ರೆಯನ್ನು ವಾಂತಿ ಬರುವ ಮೊದಲೇ ಏಕೆ ಕೊಡಬೇಕು?
3. ನಮ್ಮ ವಾಳೆಯಲ್ಲಿ ಯಾರಾದರೂ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದ್ದಾರೆಯೇ? ಕಾರಣವೇನು? ಆಸ್ಪತ್ರೆಗೆ ಜೊತೆಗೆ ಹೋಗಲು, ಅವರ ಹಟ್ಟಿ ನೋಡಿಕೊಳ್ಳಲು, ಒಂದು ಹೊತ್ತಿನ ಗಂಜಿ ಬೇಯಿಸಿಕೊಡಲು ಯಾರು ಸಿದ್ಧರಿದ್ದಾರೆ?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮನೆಗಳ ಬಗ್ಗೆ ಗುರಿಕಾರರು ನಮಗೆ ತಿಳಿಸಬೇಕಾಗಿ ವಿನಂತಿ. ಈ ಸಲ "ಸಹಿಸಿಕೊಳ್ಳಿ" ಎಂದು ಹೇಳಿ ನಾವು ಹಿಂದಿರುಗುವುದಿಲ್ಲ. ಮಾತ್ರೆಯ ಪಟ್ಟಿಯನ್ನು ಕೇಳಿ ನೋಡುತ್ತೇವೆ.